ಮೈದುನನ ಕೆಮ್ಮು

“ಕಣ್ಣು ಮನೇಲಿ ಬಿಟ್ಟು ಬಂದಿದ್ದೆಯೇನಮ್ಮ?” ಪ್ರೆಸ್ಸಿನ ಯಜಮಾನನಾದ ಭಾವ ಅಚ್ಚಾದ ಹಾಳೆಯನ್ನು ಮೇಜಿಗೆ ಬಡಿದ. “ನಾಟಕದ ಪುಸ್ತಕ ಇದು. ‘ಮಾವ ಕತ್ತೆ ಕಳೆದುಹೋಗಿದೆ’ ಅಂತ ಬಿದ್ದಿದೆ. ಮಾವ ಅಂದ ಮೇಲೆ ಕೋಲನ್, ಆ ಎರಡು ಚುಕ್ಕಿ, ಎಲ್ಲಿ? ಮಾತಾಡೋ ಮಾವನನ್ನೇ ಕತ್ತೆ ಮಾಡಿಟ್ಟಿದ್ದೀಯ.”

“ನಾಟಕ ಓದಿದ್ದೀನಿ. ದೊಡ್ಡ ಅನ್ಯಾಯವೇನೂ ಆಗಿಲ್ಲ,” ಅಂದಳು ಕರಡಮ್ಮ.

ಕರಡು ತಿದ್ದುವವಳಾದ್ದರಿಂದ ಅವಳಿಗೆ ಆ ಹೆಸರು. ಬೆನ್ನ ಹಿಂದೆ ಬರೀ ಕರಡಿ. ಡಾಕ್ಟರು ಕೋಲನ್ ಅನ್ನುತ್ತಿದ್ದ ಅವಳ ದೊಡ್ಡ ಕರುಳಲ್ಲಿ ಗಡ್ಡೆ ಬೆಳೆದು, ಅದನ್ನು ಕತ್ತರಿಸಿ, ಮಲಕ್ಕೆಂದು ಹೊಟ್ಟೆಗೊಂದು ಚೀಲ ಅಂಟಿಸಿ ಕಳಿಸಿದ್ದರು. ಮನೆಯವರು ಬೇಡವೆಂದರೂ ದೊಗಳೆ ಅಂಗಿ ತೊಟ್ಟು ಕೆಲಸಕ್ಕೆ ಮರಳಿದ್ದಳು.

“ನಿನಗೆ ಸುಸ್ತು. ನಾಳೆಯಿಂದ ಮನೇಲಿರು, ಕುರ್ಚಿಗೆ ಬೇರೆಯವರನ್ನ ನೋಡ್ತೀನಿ.”

“ಕುರ್ಚಿ ಬಿಡಲ್ಲ ಭಾವ. ತಪ್ಪು ಹೆಂಗಾಯ್ತು ಅಂತ ಮೊದಲು ನೋಡೋಣ.”

ಎದುರಿಗಿದ್ದ ಮೈದುನ ತಲೆ ಬಗ್ಗಿಸಿದ. ಮೂಲಪ್ರತಿಯನ್ನು ಅಲ್ಪವಿರಾಮದ ಸಮೇತ ಅವನು ಗಟ್ಟಿಯಾಗಿ ಓದುವುದು, ಅವಳು ಕರಡಿನ ಮೇಲೆ ಬೆರಳಾಡಿಸುವುದು, ಇದು ಹಳೇ ರೂಢಿ. ಅವನು ಹೇಳಿದ್ದನ್ನಷ್ಟೇ ಹುಡುಕಿ ಅವಳ ಕಣ್ಣು ಪಳಗಿತ್ತು.

“ಓದಪ್ಪ ಆ ಸಾಲು.”

“ಮಾವ,” ಎಂದವನು ಕೆಮ್ಮಿದ. “ಕತ್ತೆ ಕಳೆದುಹೋಗಿದೆ, ಪೂರ್ಣವಿರಾಮ.”

“ಮಧ್ಯೆ ಕೆಮ್ಮಿದ್ಯಾಕೆ?”

“ಆಸ್ಪತ್ರೆಯಲ್ಲಿ ಡಾಕ್ಟರು ಅದೇ ಪದ ಹೇಳಿ, ಉಳಿಯೋದು ಕಷ್ಟ ಅಂದಿದ್ರು ಅತ್ತಿಗೆ. ನಿಮ್ಮ ಮುಂದೆ ಅದಕ್ಕೆ ನಾಲಿಗೆ ಏಳಲ್ಲ.”

ಕರಡಮ್ಮನ ಮುಖ ಕೆಂಪಾಯಿತು. “ಕರುಳು ಹೋಗಿದೆ, ಕಿವಿ ನೆಟ್ಟಗಿದೆ. ಆ ರೋಗಕ್ಕೆ ನಾನು ಸಾಯಲಿಲ್ಲ. ನಿನ್ನ ಮರುಕಕ್ಕೆ ನನ್ನ ಅನ್ನ ಹೋಗ್ತಿದೆ. ಮತ್ತೆ ಓದು.”

ಓದಿದ. ಅದೇ ಜಾಗದಲ್ಲಿ ಮತ್ತೆ ಕೆಮ್ಮಿದ. ಪ್ರತಿಯನ್ನು ಮೇಜಿನ ಮೇಲಿಟ್ಟು, “ನನ್ನಿಂದಾಗಲ್ಲ ಅತ್ತಿಗೆ,” ಎಂದು ಬಾಗಿಲು ದಾಟಿದ.

“ನೋಡು, ಓದೋನೇ ಎದ್ದು ಹೋದ,” ಅಂದ ಭಾವ. “ಇನ್ನು ನೀನೂ ಏಳು.”

“ನೀವು ಕೂತ್ಕೊಳ್ಳಿ. ಇಡೀ ಊರು ಕೇಳೋ ಗಂಟಲಿದೆ, ಬೈಯೋಕೆ ಮಾತ್ರ ಯಾಕೆ ಸವೆಸ್ತೀರ?”

ಅಚ್ಚಿನ ಯಂತ್ರ ನಿಂತಿತ್ತು, ಪುಸ್ತಕ ಕೊಡುವ ಗಡುವು ಹತ್ತಿರವಿತ್ತು. ಭಾವ ಗೊಣಗುತ್ತ ತಮ್ಮನ ಕುರ್ಚಿಯಲ್ಲಿ ಕೂತು, ಕನ್ನಡಕ ಏರಿಸಿ ಶುರುಮಾಡಿದ. ಒಂದೊಂದು ಗುರುತನ್ನೂ ಜಗಳಕ್ಕೆ ಕರೆದಂತೆ ಕೂಗಿದ. ಕೋಲನ್ ಬಿಟ್ಟುಹೋದ ಜಾಗಗಳನ್ನೆಲ್ಲ ಅವಳ ಪೆನ್ಸಿಲು ತುಂಬುತ್ತ ಸಾಗಿತು. ಸಂಜೆ ಕೊನೆಯ ಹಾಳೆ ಯಂತ್ರಕ್ಕೆ ಹೋಯಿತು. ಮರುದಿನ ಭಾವ ತಾನಾಗಿಯೇ ಬಂದು ಆ ಕುರ್ಚಿಯಲ್ಲಿ ಕೂತ.

ಮೈದುನ ಮತ್ತೆ ಆ ಕೋಣೆಗೆ ಕಾಲಿಡಲಿಲ್ಲ.