ಅಂಗೈ ಗುರುತಿನ ನಕ್ಷೆ

ನಮ್ಮ ಹಳ್ಳಿ ಕಫ್ರ್ ಸಫ್ಸಾಫ್‌ನ ಕಾಲುವೆ ಪಕ್ಕ ಒಂದು ಕಟ್ಟಡ ಏಳುತ್ತಿತ್ತು. ಎದುರು ಮನೆಯ ತಾರಸಿಯಲ್ಲಿ, ಪಾರಿವಾಳದ ಗೂಡಿನ ಪಕ್ಕ ಕುಳಿತು, ಒಬ್ಬ ಹೆಂಗಸು ಅದು ಏಳುವುದನ್ನೇ ದಿನವೂ ನೋಡುತ್ತಿದ್ದಳು. ಅಜ್ಜಿಯರು ಹೇಳುವ ಕಥೆಗಳಲ್ಲಿ ರಾಜಕುಮಾರಿಯರು ಹಡಗಿನ ದಾರಿ ಕಾಯುತ್ತಾರಲ್ಲ, ಹಾಗೆ.

ಆದರೆ ಹನಿಯ್ಯಾ ರಾಜಕುಮಾರಿಯಲ್ಲ, ಮೊಮ್ಮಕ್ಕಳನ್ನು ಕಂಡವಳು. ಅವಳ ಮೂತ್ರಪಿಂಡಗಳು ಸೋತಿದ್ದವು. ದಿನ ಬಿಟ್ಟು ದಿನ ಮೈಕ್ರೋಬಸ್ಸಿನಲ್ಲಿ ಕುಲುಕಾಡುತ್ತ ಮನ್ಸೂರಾ ಪಟ್ಟಣಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು, ಹಿಂಡಿದ ಬಟ್ಟೆಯಂತೆ ಮನೆಗೆ ಬರುತ್ತಿದ್ದಳು. ಎದುರಿಗೆ ಏಳುತ್ತಿದ್ದುದು ನಮ್ಮೂರಿನದೇ ಡಯಾಲಿಸಿಸ್ ಆಸ್ಪತ್ರೆ. ಅದು ಮುಗಿದರೆ ಹನಿಯ್ಯಾ ರಸ್ತೆ ದಾಟಿದರೆ ಸಾಕು. ಕಟ್ಟುತ್ತಿದ್ದವನು ಬೇರೆ ಯಾರೂ ಅಲ್ಲ, ಅವಳ ಗಂಡ ಉಸ್ತಾ ಮಿತ್ವಲ್ಲಿ. ಸೆಂಟ್ರಿಂಗ್ ಇರಲಿ, ಕಂಬಿ ಇರಲಿ, ನಮ್ಮ ಕಡೆ ಅವನಿಗಿಂತ ದೊಡ್ಡ ಉಸ್ತಾ, ಅಂದರೆ ಮೇಸ್ತ್ರಿ, ಇಲ್ಲ.

ಪಾಯ ತೆಗೆದ ದಿನ ಪದ್ಧತಿಯಂತೆ ಕರುವನ್ನು ಕೊಯ್ದಿದ್ದರು. ಉಸ್ತಾ ತನ್ನ ಅಂಗೈಯನ್ನು ರಕ್ತದಲ್ಲಿ ಅದ್ದಿ ಗೇಟಿನ ಕಂಬಕ್ಕೆ ಒತ್ತಿದ. ಕೈ ಇನ್ನೂ ಒದ್ದೆಯಿತ್ತು, ಪಕ್ಕದಲ್ಲಿ ಕಟ್ಟಡದ ತಾರಸಿ ನಕ್ಷೆ ಬಿಚ್ಚಿಟ್ಟಿತ್ತು. ಅದರ ಮೇಲೂ ಒತ್ತಿಬಿಟ್ಟ. ಐದು ಬೆರಳು ಸ್ಪಷ್ಟವಾಗಿ ಮೂಡಿದವು. ಅಂದಿನಿಂದ ಆ ನಕ್ಷೆ ಪ್ಲಾಸ್ಟಿಕ್ಕಿನೊಳಗೆ ಸೇರಿ, ಉಸ್ತಾ ಎಲ್ಲಿ ಕೆಲಸ ಮಾಡಿದರೆ ಅಲ್ಲಿ ಒಂದು ಮೊಳೆಗೆ ನೇತಾಡತೊಡಗಿತು. ತಾರಸಿಗೆ ಏನು ಅಳತೆ ಬೇಕಾದರೂ ಎಲ್ಲರೂ ಅದನ್ನೇ ನೋಡುತ್ತಿದ್ದರು. ಇಂಜಿನಿಯರ್ ಲಬೀಬ್ ಸಾಹೇಬರೂ ಅದನ್ನೇ.

ಮೇಲ್ಛಾವಣಿಗೆ ಮೋಲ್ಡ್ ಹಾಕುವುದಕ್ಕೆ ಒಂದೇ ದಿನ ಬಾಕಿ. ಸೆಂಟ್ರಿಂಗ್ ಮೇಲೆ ಕಂಬಿ ಕಟ್ಟಿ ಮುಗಿದಿತ್ತು. ಕಾಂಕ್ರೀಟಿನ ಪಂಪು ಮರುದಿನ ಬೆಳಗಾಗುವಷ್ಟರಲ್ಲಿ ಬರುವುದಿತ್ತು. ಕೆಲಸದವರು ಛಾವಣಿಯ ಒಂದು ಬದಿಯ ಹಲಗೆಯ ಮೇಲೆ ಹಾಳೆ ಹಾಸಿ, ಬೇಯಿಸಿದ ಫೂಲ್ ಕಾಳು, ತಾಮಿಯಾ ವಡೆ, ಈರುಳ್ಳಿ, ಉಪ್ಪಿನಕಾಯಿ ಹರಡಿಕೊಂಡು ಬೆಳಗಿನ ತಿಂಡಿಗೆ ಕೂತಿದ್ದರು. ಆಗ ಏಣಿ ಹತ್ತಿ ಬಂದಳು ರಾವಿಯಾ. ಅವಳು ಪಕ್ಕದ ಬೀದಿಯ ಹುಡುಗಿ. ಕಟ್ಟಡದ ಆಫೀಸಿನಲ್ಲಿ ನಕ್ಷೆ, ಕಾಗದ ಪತ್ರ ನೋಡಿಕೊಳ್ಳುವುದು ಅವಳ ಕೆಲಸ.

"ಬಂದ್ಲಪ್ಪಾ ಕಾಗದದ ರಾಣಿ!" ಉಸ್ತಾ ಕೂಗಿದ. "ಬಾ ಮಗಳೇ, ಕೂತ್ಕೋ. ತಾಮಿಯಾ ಬಿಸಿಬಿಸಿ ಇದೆ."

"ನಂದು ತಿಂಡಿ ಆಯ್ತು ಉಸ್ತಾ. ನಿಮ್ಮ ಹತ್ರ ಇರೋ ಹಳೇ ನಕ್ಷೆ ಕೊಡಿ. ಮೋಲ್ಡ್ ಹಾಕೋ ಮುಂಚೆ ಹಳೇದೆಲ್ಲ ಆಫೀಸಿಗೆ ವಾಪಸ್ ಬರ್ಬೇಕು."

"ಹಳೇದು ಅಂದ್ರೆ ನಾನೂ ಹಳಬನೇ. ನನ್ನನ್ನೂ ಕಪಾಟಿನಲ್ಲಿಟ್ಟು ಬೀಗ ಹಾಕ್ತೀಯಾ?"

"ಉಸ್ತಾನ ಹೊಟ್ಟೆಗೆ ತಕ್ಕ ಕಪಾಟು ಮಾಡೋಕೆ ಮನ್ಸೂರಾದಿಂದ ಬಡಗಿ ಬರ್ಬೇಕಮ್ಮಾ," ಎಂದ ಕಂಬಿ ಕಟ್ಟುವ ಶಹ್ಹಾತ. ಎಲ್ಲರೂ ನಕ್ಕರು. ರಾವಿಯಾ ನಗಲಿಲ್ಲ. ಅವಳು ಮೊಳೆಗೆ ನೇತಾಡುತ್ತಿದ್ದ ಅಂಗೈ ಗುರುತಿನ ನಕ್ಷೆಯನ್ನೇ ನೋಡುತ್ತಿದ್ದಳು.

"ಅದನ್ನ ಕೊಡಿ ಉಸ್ತಾ."

"ಅದೊಂದನ್ನ ಕೇಳ್ಬೇಡ. ಅದ್ರಲ್ಲಿ ಬರಕತ್ ಇದೆ, ದೇವರ ದಯೆ ಇದೆ. ಪಾಯದಿಂದ ಇಲ್ಲೀವರೆಗೆ ಒಬ್ಬನ ಬೆರಳಿಗೂ ಸುತ್ತಿಗೆ ಏಟು ಬಿದ್ದಿಲ್ಲ, ಗೊತ್ತಾ?"

"ಮತ್ತೆ ನಾನು ಹೋದ ವಾರ ಕೊಟ್ಟ ಹೊಸ ತಾರಸಿ ನಕ್ಷೆ ಎಲ್ಲಿ? ಫೋನಿನ ಗುಂಪಿಗೂ ಹಾಕಿದ್ದೆ."

"ಆ ಗುಂಪಿನಲ್ಲಾ? ಶುಕ್ರವಾರದ ಶುಭಾಶಯಕ್ಕೆ ಇಪ್ಪತ್ತು ಗುಲಾಬಿ ಹೂವು. ಶಹ್ಹಾತನ ಭಾವಮೈದನ ಮದುವೆ ಕುಣಿತ. ಅದರ ಮಧ್ಯೆ ನಿನ್ನ ನಕ್ಷೆ ಹುಡುಕೋಕೆ ನನ್ನ ಕನ್ನಡಕ ಸಾಲಲ್ಲಮ್ಮಾ, ಬೈನಾಕ್ಯುಲರ್ ಬೇಕು."

"ಗುಂಪಿನಲ್ಲಿ ಬೇಡ, ಕೈಗೇ ಕೊಟ್ಟಿದ್ದೆನಲ್ಲ? ಮಡಚಿ?"

ಉಸ್ತಾ ತಲೆ ಕೆರೆದುಕೊಂಡ. ರಾವಿಯಾಳ ಕಣ್ಣು ತಿಂಡಿಯ ಕಡೆ ಹೊರಳಿತು. ಫೂಲ್ ಬಟ್ಟಲಿನ ಕೆಳಗಿನ ಹಾಳೆಯ ಅಂಚಿನಲ್ಲಿ ತೆಳ್ಳಗೆ ಕಪ್ಪು ಗೆರೆಗಳು. ಹಾಳೆ ಮಡಚಿದ ರೀತಿ ಅವಳದೇ ಕೈಯದು.

"ಉಸ್ತಾ, ಬಟ್ಟಲು ಎತ್ತಿ."

"ಊಟಕ್ಕೆ ಕೂತವರ ಮುಂದಿನಿಂದ ಬಟ್ಟಲು ಎತ್ತಿಸ್ತಾರೇನಮ್ಮಾ?"

"ಎತ್ತಿ ಉಸ್ತಾ!"

ಬಟ್ಟಲು ಎತ್ತಿದರು, ತಾಮಿಯಾ ತಟ್ಟೆ ಸರಿಸಿದರು, ಈರುಳ್ಳಿ ಸಿಪ್ಪೆ ಕೊಡವಿದರು. ಎಣ್ಣೆ ಕುಡಿದು ಹೊಳೆಯುತ್ತ ಮಲಗಿತ್ತು ಹೊಸ ತಾರಸಿ ನಕ್ಷೆ. ರಾವಿಯಾ ಅದನ್ನು ತೆಗೆದು ಅಂಗೈ ಗುರುತಿನ ನಕ್ಷೆಯ ಪಕ್ಕ ಹಿಡಿದಳು.

"ಎರಡೂ ಒಂದೇ ಅಲ್ವಾ?" ಎಂದ ಉಸ್ತಾ. "ನೋಡು, ಇದರ ನಂಬರು ಹನ್ನೆರಡು, ಅದರದೂ ಹನ್ನೆರಡು. ಇನ್ನೊಂದು ಪ್ರತಿ ಕೊಟ್ಟಿದ್ದಾಳೆ, ಇರ್ಲಿ ಅಂದ್ಕೊಂಡೆ."

"ನಂಬರು ಬದಲಾಗಲ್ಲ ಉಸ್ತಾ. ಅದರ ಪಕ್ಕದಲ್ಲಿರೋ ಚಿಕ್ಕ ಚೌಕ ನೋಡಿ. ಅದು ತಿದ್ದುಪಡಿಯ ಚೌಕ. ನಿಮ್ಮದರಲ್ಲಿ ಒಂದು, ಇದರಲ್ಲಿ ಎರಡು. ಎರಡು ಬಂದ ಕೂಡ್ಲೇ ಒಂದು ಸತ್ತಂಗೆ. ಈಗ ತೊಟ್ಟಿಗಳು ಎಲ್ಲಿವೆ ನೋಡಿ."

ಡಯಾಲಿಸಿಸ್‌ಗೆ ತುಂಬ ನೀರು ಬೇಕು. ಅದನ್ನು ಶುದ್ಧ ಮಾಡುವ ದೊಡ್ಡ ತೊಟ್ಟಿಗಳು ಛಾವಣಿಯ ಮೇಲೆ ಕೂರುತ್ತವೆ. ಅವುಗಳ ಕೆಳಗೆ ಕಂಬಿ ದಪ್ಪಗೆ, ಒತ್ತಾಗಿ ಇರಬೇಕು. ಅಂಗೈ ಗುರುತಿನ ನಕ್ಷೆಯಲ್ಲಿ ತೊಟ್ಟಿಗಳು ಪೂರ್ವದ ಮೂಲೆಯಲ್ಲಿದ್ದವು. ಎಣ್ಣೆ ಕುಡಿದ ನಕ್ಷೆಯಲ್ಲಿ ಪಶ್ಚಿಮದ ಮೂಲೆಯಲ್ಲಿದ್ದವು.

ಶಹ್ಹಾತ ಕೈಯಲ್ಲಿದ್ದ ರೊಟ್ಟಿಯನ್ನು ಕೆಳಗಿಟ್ಟ. ದಪ್ಪ ಕಂಬಿಯನ್ನೆಲ್ಲ ಪೂರ್ವಕ್ಕೆ ಕಟ್ಟಿದವನು ಅವನೇ.

ಉಸ್ತಾ ಅಷ್ಟು ಸುಲಭಕ್ಕೆ ಬಗ್ಗುವವನಲ್ಲ. "ಇದೇ ನಿಜ ಅಂತ ಯಾರು ಹೇಳೋರು? ಸಾಹೇಬರ ಫೋನಲ್ಲೊಂದು, ಕರೆಂಟಿನವನ ಚೀಲದಲ್ಲೊಂದು. ನಿಮ್ಮ ಕಂಪ್ಯೂಟರಲ್ಲಂತೂ 'ಕೊನೆಯದು', 'ಹೊಸ ಕೊನೆಯದು', 'ಇದೇ ಕೊನೆಯದು' ಅಂತ ಒಂದು ಸಂಸಾರಾನೇ ಇತ್ತು. ನಾನೇ ಕಣ್ಣಾರೆ ನೋಡಿದೀನಿ."

"ಇತ್ತು, ಒಪ್ತೀನಿ. ಅವನ್ನೆಲ್ಲ ತೆಗೆದು ಹಾಕಿದ್ದಕ್ಕೇ ನನಗೆ ಸಂಬಳ. ಈಗ ನೋಡಿ." ರಾವಿಯಾ ಫೋನಿನಲ್ಲಿ ಆಫೀಸಿನ ಕಂಪ್ಯೂಟರಿನ ನಕ್ಷೆ ಕಪಾಟು ತೆರೆದು ಹನ್ನೆರಡು ಎಂದು ಬರೆದಳು. ಒಂದೇ ಒಂದು ನಕ್ಷೆ ಬಂತು. ತಿದ್ದುಪಡಿ ಎರಡು, ಮೂಲೆಯಲ್ಲಿ ಒಪ್ಪಿಗೆಯ ಮುದ್ರೆ. "ಹೆಸರಿಟ್ಟು ಹುಡುಕಿದ್ರೆ ಸಂಸಾರ ಸಿಗುತ್ತೆ, ನಂಬರಿಟ್ಟು ಹುಡುಕಿದ್ರೆ ಯಜಮಾನ ಸಿಗ್ತಾನೆ. ಹಳೇದು ಬೇರೆ ಕಡೆ ಇರುತ್ತೆ, ಅಡ್ಡ ಗೆರೆ ಎಳೆದು. ಕೊಳಾಯಿಯವರು ಈ ಹೊಸದನ್ನೇ ಇಟ್ಕೊಂಡಿದ್ದಾರೆ. ಅವರು ತೊಟ್ಟಿ ತಂದು ಕೂರಿಸೋದು ಪಶ್ಚಿಮಕ್ಕೆ. ನಿಮ್ಮ ದಪ್ಪ ಕಂಬಿ ಇರೋದು ಪೂರ್ವಕ್ಕೆ."

"ಸರಿ, ಆದ್ರೆ ಬದಲಾಯಿಸಿದ್ದಾದ್ರೂ ಯಾಕೆ? ಕುರ್ಚಿ ಮೇಲೆ ಕೂತೋರಿಗೆ ಹೊತ್ತು ಹೋಗ್ಲಿಲ್ವಾ?"

"ಅದನ್ನೂ ಬರ್ದಿರ್ತಾರೆ. ಚೌಕದ ಕೆಳಗೇ."

ಚೌಕದ ಕೆಳಗೆ ಫೂಲ್ ರಸ ಹೆಪ್ಪುಗಟ್ಟಿತ್ತು. ರಾವಿಯಾ ರೊಟ್ಟಿಯ ಚೂರಿನಿಂದ ಅದನ್ನು ಒರೆಸಿ ಗಟ್ಟಿಯಾಗಿ ಓದಿದಳು. "ಪೂರ್ವ ಮೂಲೆಯ ಕಂಬಗಳ ಬಳಿ ಹಳೆಯ ಸಾಕಿಯಾದ ಗುಂಡಿ ಇದೆಯೆಂದು ಮೇಸ್ತ್ರಿ ತೋರಿಸಿಕೊಟ್ಟಿದ್ದರಿಂದ, ಆ ಕಡೆಯ ಭಾರ ತಗ್ಗಿಸಲು ತೊಟ್ಟಿಗಳನ್ನು ಪಶ್ಚಿಮಕ್ಕೆ ಸರಿಸಲಾಗಿದೆ."

ಕೂತವರೆಲ್ಲ ಎದ್ದು ನಿಂತರು. ಒಂದು ಕಾಲಕ್ಕೆ ಅಲ್ಲಿ ಸಾಕಿಯಾ, ಅಂದರೆ ಎಮ್ಮೆ ಕಟ್ಟಿ ತಿರುಗಿಸುವ ನೀರಿನ ಚಕ್ರವಿತ್ತು. ಚಿಕ್ಕಂದಿನಲ್ಲಿ ಉಸ್ತಾ ಅದರ ನೆರಳಲ್ಲಿ ಮಲಗಿದವನು. ಪಾಯ ಅಗೆಯುವಾಗ ಮಣ್ಣಿನ ಬಣ್ಣ ನೋಡಿ, "ಸಾಹೇಬರೇ, ಇಲ್ಲಿ ಸಾಕಿಯಾ ಇತ್ತು, ಜೋಪಾನ" ಎಂದವನೂ ಅವನೇ. ಆ ಮಾತು ಲಬೀಬ್ ಸಾಹೇಬರ ಕಿವಿಯಿಂದ ಮನ್ಸೂರಾದ ನಕ್ಷೆ ಕಚೇರಿಗೆ ಹೋಗಿ, ಲೆಕ್ಕವಾಗಿ, ಗೆರೆಯಾಗಿ, ಮುದ್ರೆ ಒತ್ತಿಸಿಕೊಂಡು ವಾಪಸ್ ಅವನ ಬಳಿಗೇ ಬಂದಿತ್ತು. ಅವನು ಅದರ ಮೇಲೆ ತಿಂಡಿಯ ಬಟ್ಟಲು ಇಟ್ಟಿದ್ದ.

"ಸಾಬಿರನ ಅಪ್ಪಾ!" ಎದುರು ತಾರಸಿಯಿಂದ ಹನಿಯ್ಯಾ ಮಗನ ಹೆಸರು ಹಿಡಿದು ಗಂಡನನ್ನು ಕೂಗಿದಳು. "ಯಾಕೆ ಎಲ್ಲ ಕಲ್ಲಿನಂಗೆ ನಿಂತ್ಬಿಟ್ರಿ? ನಾಳೆ ಮೋಲ್ಡ್ ತಾನೇ?"

ಉಸ್ತಾ ಛಾವಣಿಯ ಅಂಚಿಗೆ ಬಂದ. "ನಾಳೆ ಇಲ್ಲ!"

ಪಾರಿವಾಳಗಳು ಪುರ್ರನೆ ಹಾರಿದವು. ಹನಿಯ್ಯಾ ನಿಧಾನಕ್ಕೆ ಮೆಟ್ಟಿಲಿಳಿದು, ರಸ್ತೆ ದಾಟಿ, ಕಟ್ಟಡದ ಬಾಗಿಲಿಗೆ ಬಂದು ಮರಳಿನ ಚೀಲದ ಮೇಲೆ ಕೂತಳು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಉಸ್ತಾ, ರಾವಿಯಾ ಇಳಿದು ಬಂದು ನಡೆದದ್ದನ್ನು ಹೇಳಿದರು.

"ನಮ್ಮನ್ನೆಲ್ಲ ಮಲಗಿಸೋ ಕೋಣೆ ಯಾವ ಕಡೆಗಮ್ಮಾ?" ಹನಿಯ್ಯಾ ಕೇಳಿದಳು.

ರಾವಿಯಾ ತಡೆದು ಹೇಳಿದಳು: "ಪಶ್ಚಿಮಕ್ಕೆ, ಖಾಲಾ."

"ಅಂದ್ರೆ ಆ ತೊಟ್ಟಿ ನನ್ನ ನೆತ್ತಿ ಮೇಲೆ."

ಉಸ್ತಾ ನೆಲ ನೋಡುತ್ತ ನಿಂತ. "ಆ ನಕ್ಷೆ ನಮ್ಮನ್ನ ಕಾಯುತ್ತೆ ಅಂದ್ಕೊಂಡಿದ್ದೆ ಕಣೇ. ಬರಕತ್ ಅಂತ..."

"ಬರಕತ್ ಇದ್ದಿದ್ದು ಆ ಕಾಗದದಲ್ಲಲ್ಲ. ಗುಂಡಿ ಕಂಡ ಕೂಡ್ಲೇ ಬಾಯಿ ಬಿಟ್ಟು ಹೇಳಿದ್ರಲ್ಲ, ಅದರಲ್ಲಿತ್ತು. ನಿಮ್ಮ ಮಾತನ್ನ ಅವರು ಕೇಳಿದ್ರು. ಅವರ ಮಾತನ್ನ ನೀವು ಫೂಲ್ ಕೆಳಗೆ ಹಾಕ್ಕೊಂಡ್ರಿ." ಹನಿಯ್ಯಾ ಸೆರಗಿನಿಂದ ಮುಖ ಒರೆಸಿಕೊಂಡಳು. "ಹೋಗ್ಲಿ ಬಿಡಿ. ಇಷ್ಟು ದಿನ ಕಾದೋಳು ಇನ್ನೆರಡು ದಿನ ಕಾಯಲ್ವಾ? ಆದ್ರೆ ಆ ನಕ್ಷೆ ಮಾತ್ರ ಈ ಮಗೂಗೆ ಕೊಟ್ಬಿಡಿ."

ಉಸ್ತಾ ಏಣಿ ಹತ್ತಿದ. ಮೊಳೆಯಿಂದ ನಕ್ಷೆ ಬಿಚ್ಚಿ ತಂದು, ಮಗುವನ್ನು ಕೊಡುವ ಹಾಗೆ ಎರಡೂ ಕೈಯಲ್ಲಿ ರಾವಿಯಾಳಿಗೆ ಕೊಟ್ಟ.

"ನಿಮ್ಮೊಬ್ಬರದೇ ತಪ್ಪಲ್ಲ ಉಸ್ತಾ," ಎಂದಳು ಅವಳು. "ಹೊಸದು ಕೊಟ್ಟ ದಿನವೇ ಹಳೇದನ್ನ ಕೇಳಿ ಇಸ್ಕೋಬೇಕಿತ್ತು. ಏನು ಬದಲಾಗಿದೆ ಅಂತ ಬೆರಳಿಟ್ಟು ತೋರಿಸ್ಬೇಕಿತ್ತು. ಫೋನಿಗೆ ಹಾಕಿ ಕೈ ತೊಳ್ಕೊಂಡೆ."

ಸುದ್ದಿ ಕೇಳಿ ಲಬೀಬ್ ಸಾಹೇಬರು ಓಡಿ ಬಂದರು. ಮಧ್ಯಾಹ್ನ ಕಂಬಿ ಪರೀಕ್ಷೆ ಮಾಡಬೇಕಾದವರು ಅವರು. ಮೊಳೆಯಲ್ಲಿದ್ದ ನಕ್ಷೆಯನ್ನೇ ಹಿಡಿದು ನೋಡಿ ಸಹಿ ಹಾಕಿಬಿಡುತ್ತಿದ್ದೆ ಎಂದು ಅವರೇ ಒಪ್ಪಿಕೊಂಡರು. ಪಂಪಿನವನಿಗೆ ಫೋನು ಮಾಡಿ ಬೇಡವೆಂದಾಗ ಅವನು ಬೈದ ಬೈಗುಳ ಮೂರು ಹೆಜ್ಜೆ ದೂರ ನಿಂತ ಶಹ್ಹಾತನಿಗೂ ಕೇಳಿಸಿತು. "ಬೈಲಿ ಬಿಡಿ ಸಾಹೇಬರೇ," ಎಂದ ಶಹ್ಹಾತ. "ಕಾಂಕ್ರೀಟ್ ಒಡೆಯೋ ಸದ್ದಿಗಿಂತ ಇದೇ ಇಂಪಾಗಿದೆ." ಆಗ ಎಲ್ಲರಿಗೂ ತಡೆದಿದ್ದ ನಗು ಒಟ್ಟಿಗೆ ಬಂತು. ಉಸ್ತಾ ನಗುತ್ತಲೇ ಕಣ್ಣೊರೆಸಿಕೊಂಡ.

ಕಂಬಿ ಬಿಚ್ಚಿ ಪಶ್ಚಿಮಕ್ಕೆ ಕಟ್ಟಿದರು. ಆಮೇಲೆ ಗೇಟಿನ ಬಳಿ ಒಂದು ಹಸಿರು ಹಲಗೆ ಬಂತು. ಯಾವ ನಂಬರಿನ ನಕ್ಷೆಗೆ ಈಗ ಯಾವ ತಿದ್ದುಪಡಿ ನಡೆಯುತ್ತಿದೆ ಎಂದು ಅದರ ಮೇಲೆ ದೊಡ್ಡದಾಗಿ ಬರೆದಿತ್ತು. ಹಳೆಯದು ತಂದುಕೊಟ್ಟರೆ ಮಾತ್ರ ಹೊಸದು ಎಂಬ ಕಟ್ಟಳೆಯಾಯಿತು. ಅದನ್ನು ಕಾಯುವವನು ಯಾರು ಗೊತ್ತೇ? ಉಸ್ತಾನೇ. ಕರೆಂಟಿನವನು ಚೀಲದಿಂದ ಸುಕ್ಕಾದ ಹಾಳೆ ತೆಗೆದರೆ ಸಾಕು, "ಚೌಕ ತೋರ್ಸಪ್ಪಾ, ಮೊದ್ಲು ಚೌಕ ತೋರ್ಸು," ಎಂದು ದಾರಿಗೆ ಅಡ್ಡ ನಿಲ್ಲುತ್ತಿದ್ದ.

ಮೋಲ್ಡ್ ಹಾಕಿದ ದಿನ ಕೆಂಪು ಶರಬತ್ತು ಹಂಚಿದರು. ಮತ್ತೆ ಕರು ಕೊಯ್ದರು. ಉಸ್ತಾ ಅಂಗೈ ಅದ್ದಿಕೊಂಡು ಸುತ್ತ ನೋಡಿದ. ರಾವಿಯಾ ನಕ್ಷೆಯ ಸುರುಳಿಯನ್ನು ಬೆನ್ನ ಹಿಂದೆ ಬಚ್ಚಿಟ್ಟಳು.

"ಹೆದರ್ಬೇಡ ಮಗಳೇ," ಎಂದು ನಕ್ಕು ಅವನು ಗೋಡೆಗೆ ಒತ್ತಿದ.

ಅಂಗೈ ಗುರುತಿನ ನಕ್ಷೆಗೆ ರಾವಿಯಾ ಕೆಂಪು ಶಾಯಿಯಲ್ಲಿ ಅಡ್ಡ ಗೆರೆ ಎಳೆದು, 'ಹಳೆಯದು, ಕೆಲಸಕ್ಕಲ್ಲ' ಎಂದು ಬರೆದು, ಹನಿಯ್ಯಾಳ ಕೈಗೆ ಕೊಟ್ಟಳು. ಅದು ಈಗ ಹನಿಯ್ಯಾಳ ಮನೆಯ ಗೋಡೆಯ ಮೇಲೆ, ಮೊಮ್ಮಕ್ಕಳ ಫೋಟೊಗಳ ನಡುವೆ ಇದೆ. ಹನಿಯ್ಯಾ ಮೈಕ್ರೋಬಸ್ ಹತ್ತುವುದನ್ನು ಬಿಟ್ಟಿದ್ದಾಳೆ. ರಸ್ತೆ ದಾಟಿ ಹೋಗಿ ಪಶ್ಚಿಮದ ಕೋಣೆಯಲ್ಲಿ ಮಲಗುತ್ತಾಳೆ. ನೆತ್ತಿಯ ಮೇಲೆ ತೊಟ್ಟಿಗೆ ನೀರು ತುಂಬುವ ಸದ್ದು ಕಾಲುವೆಯ ಸದ್ದಿನ ಹಾಗೆ ಕೇಳುತ್ತದಂತೆ. ಅದನ್ನು ಕೇಳುತ್ತ ಅವಳಿಗೆ ನಿದ್ದೆ ಬಂದುಬಿಡುತ್ತದೆ.

ಓದುವವರೇ, ಕೇಳುವವರೇ, ನೀವು ಆಸ್ಪತ್ರೆ ಕಟ್ಟುತ್ತಿರಬಹುದು, ಶಾಲೆ ಕಟ್ಟುತ್ತಿರಬಹುದು, ಮಗಳಿಗೊಂದು ಕೋಣೆ ಕಟ್ಟಿಸುತ್ತಿರಬಹುದು. ಸುತ್ತಿಗೆ ಎತ್ತುವ ಮೊದಲು ಕೈಯಲ್ಲಿರುವ ನಕ್ಷೆಯ ಮೂಲೆ ನೋಡಿ. ನಂಬರು ನೋಡಿ, ತಿದ್ದುಪಡಿಯ ಚೌಕ ನೋಡಿ, ಒಪ್ಪಿಗೆಯ ಮುದ್ರೆ ನೋಡಿ. ಅನುಮಾನ ಬಂದರೆ ಪಕ್ಕದವನ ಫೋನು ನೋಡಬೇಡಿ, ನಕ್ಷೆ ಇಡುವ ಕಡೆಗೇ ಹೋಗಿ ಕೇಳಿ. ಹೊಸದು ಕೈಗೆ ಬಂದ ಗಳಿಗೆಯಲ್ಲೇ ಹಳೆಯದನ್ನು ಹಿಂದಿರುಗಿಸಿ, ಅದರ ಮೇಲೆ ಎಷ್ಟೇ ಪ್ರೀತಿಯಿರಲಿ. ನಕ್ಷೆ ಕೊಡುವವರು ನೀವಾದರೆ ಕಳಿಸಿ ಸುಮ್ಮನಾಗಬೇಡಿ. ಬದಲಾದ ಜಾಗಕ್ಕೆ ಬೆರಳಿಟ್ಟು ತೋರಿಸಿ.

ಆ ಛಾವಣಿಯ ಕೆಳಗೆ ನಿಮ್ಮವರೇ ಒಬ್ಬರು ಕಣ್ಣು ಮುಚ್ಚಿ ಮಲಗುವವರಿದ್ದಾರೆ. ಅವರಿಗೆ ನೆಮ್ಮದಿಯ ನಿದ್ದೆ ಬರಲಿ.