ಕೊನೆಯ ತೂಬಿನ ಸಣ್ಣೇಗೌಡರು

ಸಣ್ಣೇಗೌಡರು ಯಾವ ಊರಿಗೂ ಮುಂದಿನಿಂದ ಬಂದವರಲ್ಲ. ಊರಬಾಗಿಲಲ್ಲಿ ಜನ ಹಾರ ಹಿಡಿದು ಕಾಯುತ್ತಿದ್ದರೆ, ಐದು ಸಲ ಗೆದ್ದ ಈ ಶಾಸಕರು ಹಿಂಬದಿಯ ಗದ್ದೆಬದುವಿನ ಮೇಲೆ, ಎಡಕ್ಕೆ ತುಸು ವಾಲಿಕೊಂಡು, ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬರುತ್ತಿರುತ್ತಾರೆ. ಕಿಕ್ಕೇರಿಯ ಮದುವೆಯಲ್ಲಿ ಅವರು ಕೂರುವುದು ಪಂಕ್ತಿಯ ಕಟ್ಟಕಡೆಯ ಎಲೆಗೆ. ನಾಗಮಂಗಲದ ಬಸ್ಸು ಹತ್ತಿದರೆ ಹಿಂದಿನ ಸೀಟು. ಮೊದಲ ಅಧಿವೇಶನಕ್ಕೆಂದು ಪಾಂಡವಪುರದಲ್ಲಿ ಹೊಲಿಸಿದ ಕಂದು ಕೋಟು ಇಂದಿಗೂ ಮೈಮೇಲಿದೆ. ಮೊಣಕೈಯ ತೇಪೆ ಮಾತ್ರ ಚುನಾವಣೆಗೊಮ್ಮೆ ಬದಲಾಗುತ್ತದೆ. ಸದನದಲ್ಲಿ ಮಂತ್ರಿಗಳು ಯೋಜನೆಯೊಂದನ್ನು ಓದಿ ಮುಗಿಸಿದೊಡನೆ ಆ ಕೋಟು ಎದ್ದು ನಿಲ್ಲುತ್ತದೆ, ಒಂದೇ ಮಾತು ಕೇಳಿ ಕೂರುತ್ತದೆ: “ಕೊನೇಲಿರೋರ್ಗೆ ಬಂತಾ ಸ್ವಾಮಿ?” ಮೊದಮೊದಲು ನಕ್ಕವರು ಬರಬರುತ್ತ ಉತ್ತರ ಸಿದ್ಧಮಾಡಿಕೊಂಡೇ ಬರತೊಡಗಿದರು.

ಗೌಡರ ಹಳ್ಳಿ ಅರಕೆರೆಯ ಪಕ್ಕದಲ್ಲಿದೆ, ನಾಲೆಯ ತಲೆಭಾಗದಲ್ಲಿ. ನೀರು ಬಿಟ್ಟಾಗ ಮೊದಲು ತುಂಬುವುದು ಅವರದೇ ಊರಿನ ಗದ್ದೆಗಳು. ನಾಲೆ ಮುಗಿಯುವ ಬಾಲದ ಊರುಗಳಿಗೆ ಉಳಿದದ್ದು ಸಿಗಬೇಕು. ಆರನೆಯ ಚುನಾವಣೆ ಹತ್ತಿರ ಬಂದಿದ್ದ ಆ ಬೇಸಿಗೆಯಲ್ಲಿ ಅಣೆಕಟ್ಟೆಯ ನೀರು ಕೆಳಗಿಳಿದಿತ್ತು. ಗೌಡರು ನೀರಾವರಿ ಸಭೆಯಲ್ಲಿ ಹಟಹಿಡಿದು, ಈ ಸರದಿ ಬಾಲದಿಂದ ಆರಂಭವಾಗಲಿ, ತಲೆಭಾಗದ ತೂಬುಗಳು ಮುಚ್ಚಿರಲಿ ಎಂದು ಒಪ್ಪಿಸಿ ಬಂದರು. ಸೋಲನ್ನು ಕೈಯಾರೆ ಬರೆಸಿಕೊಂಡು ಬಂದರೆಂದು ಕಾರ್ಯಕರ್ತರು ಹಣೆ ಚಚ್ಚಿಕೊಂಡರು.

ಮರುದಿನ ಅವರ ಅಕ್ಕ ಬೆಟ್ಟಮ್ಮ ಊರ ತೂಬು ಮುಚ್ಚಲು ಬಂದ ನೀರುಗಂಟಿಯ ಕೈಯಿಂದ ಬೀಗದ ಕೈ ಕಸಿದು ಸೊಂಟಕ್ಕೆ ಸಿಕ್ಕಿಸಿಕೊಂಡು, ತೂಬಿನ ಕಲ್ಲಿನ ಮೇಲೆ ಕುಳಿತುಬಿಟ್ಟಳು. ತಾಯಿ ಸತ್ತ ಮೇಲೆ ತಮ್ಮನನ್ನು ಸಾಕಿದವಳು. ಪೊಲೀಸರು ಹತ್ತಿರ ಹೋಗಲು ಹಿಂಜರಿದರು. ಗೌಡರು ಬಂದು ಪಕ್ಕದಲ್ಲೇ ಕುಳಿತರು.

“ನಮ್ಮ ಗದ್ದೆ ನಾಲೆಗೆ ಅಂಟ್ಕೊಂಡದೆ ಅಕ್ಕಾ, ತೇವ ಅದೆ, ತಡೀತದೆ. ಅವ್ರದ್ದು ತಡಿಯಾಕಿಲ್ಲ.”

“ನಿನ್ನ ಮೆರಸ್ದೋರು ನಾವು, ನೀರು ಅವ್ರಿಗಾ? ಈ ಸರ್ತಿ ನನ್ನ ಓಟು ನಿಂಗಿಲ್ಲ ಕಣ್ಲಾ.”

“ಆಗ್ಲಿ ಬುಡಕ್ಕ. ಬೀಗದ ಕೈ ಕೊಡು.”

ಅವಳು ತಮ್ಮನ ಮುಖ ನೋಡದೆ ಅದನ್ನು ಕಲ್ಲಿನ ಮೇಲಿಟ್ಟು ಎದ್ದುಹೋದಳು.

ಎಣಿಕೆಯ ದಿನ ಮೊದಲು ತೆರೆದದ್ದು ತಲೆಭಾಗದ ಮತಯಂತ್ರಗಳು. ಸುತ್ತು ಸುತ್ತಿಗೂ ಗೌಡರು ಹಿಂದೆ ಬಿದ್ದರು. ಸ್ವಂತ ಊರೂ ಕೈಬಿಟ್ಟಿತ್ತು. ಬಾವುಟ ಸುತ್ತಿಕೊಂಡು ಹೊರಟವರಿಗೆ ಅವರು ಹಿಂದಿನ ಬೆಂಚಿನಿಂದಲೇ, “ಕೂತ್ಕಳ್ರಲಾ, ಕೊನೇವು ಇನ್ನೂ ಬಂದಿಲ್ಲ” ಎಂದರು. ಆಮೇಲೆ ಬಾಲದ ಊರುಗಳ ಯಂತ್ರಗಳು ಬಂದವು, ಒಂದೊಂದೂ ತುಂಬಿದ ನಾಲೆಯಂತೆ. ಸಂಜೆಯೊಳಗೆ ಶ್ರೀರಂಗಪಟ್ಟಣದ ಬೀದಿಗಳಲ್ಲಿ ತಮಟೆ ಮೊಳಗಿತು. ಹಿಂದೆಂದೂ ಕಾಣದ ಅಂತರದ ಗೆಲುವು ಅದು.

ಮೆರವಣಿಗೆಯನ್ನು ಊರಬಾಗಿಲಲ್ಲೇ ಬಿಟ್ಟು ಅವರು ಹಿತ್ತಿಲಿನಿಂದ ಅಕ್ಕನ ಮನೆಗೆ ಹೋದರು. ತಡವಾಗಿ ನೀರು ಕುಡಿದ ಅವಳ ಗದ್ದೆ ಹಸಿರಾಗಿಯೇ ಇತ್ತು. ಬೆಟ್ಟಮ್ಮ ಮುದ್ದೆ ಬಡಿಸುತ್ತ, “ಮೆರೀಬ್ಯಾಡ, ನಾನಂತೂ ಹಾಕ್ಲಿಲ್ಲ” ಎಂದಳು. ತಮ್ಮ ತಲೆತಗ್ಗಿಸಿ ಉಣ್ಣುತ್ತಿದ್ದ. ಅವಳು ಸಾರಿನ ಸೌಟು ಹಿಡಿದೇ ನಿಂತು ಕೇಳಿದಳು: “ಕೊನೇ ಊರ್ಗೆ ನೀರು ಓಯ್ತೇನ್ಲಾ?”

ಗೌಡರು ಆ ದಿನ ನಕ್ಕದ್ದು ಆಗಲೇ.

ಮುಂದೆ ನಿಂತು ಜನರನ್ನು ನಡೆಸುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಸಾಲಿನ ತುದಿಯಲ್ಲಿ ನಿಲ್ಲುವವರು ವಿರಳ. ಸಾಲು ಎಷ್ಟು ಉದ್ದವಿದೆಯೆಂದು ಬಲ್ಲವರು ಅವರು ಮಾತ್ರ. ಅವರು ಗೆದ್ದ ದಿನ, ಸಾಲಿಗೆ ಸಾಲೇ ಗೆದ್ದಿರುತ್ತದೆ.