ಪರದೆಯ ಮೇಲಿನ ತೂಕ

ಗೋಡೆಯಾಚೆಯ ಗುಯ್ಯೆನ್ನುವ ಸದ್ದು ಥಟ್ಟನೆ ನಿಂತಿತು. ಮೆಕ್ಯಾನಿಕ್ ಮಾತ್ರ ತುಳಿಯುವುದನ್ನು ನಿಲ್ಲಿಸಲಿಲ್ಲ.

ಎದುರಿನ ಪರದೆಯಲ್ಲಿ ಬೆಟ್ಟದ ರಸ್ತೆ ಇನ್ನೂ ಏರುತ್ತಲೇ ಇತ್ತು. ಅವನಿಗಿಂತ ಸ್ವಲ್ಪ ಮುಂದಿದ್ದ ಕೆಂಪಂಗಿಯ ಗೊಂಬೆ ನಿಧಾನವಾಯಿತು. ಏದುಸಿರಿಲ್ಲದೆ, ಬೆವರಿಲ್ಲದೆ, ರಸ್ತೆಯ ನಡುವೆ ಸುಮ್ಮನೆ ನಿಂತುಬಿಟ್ಟಿತು. ಅದು ಅವನ ಅಕ್ಕನ ಮಗಳ ಗೊಂಬೆ, ಅವಳು ಸೈಕಲ್ ತುಳಿದಷ್ಟೂ ಪರದೆಯಲ್ಲಿ ಓಡುವಂಥದು. ಪಕ್ಕದ ಮನೆಯಲ್ಲಿ, ಇದೇ ಗೋಡೆಯ ಆ ಬದಿಯಲ್ಲಿ, ಅವಳೂ ಅವನಂತೆಯೇ ಯಂತ್ರಕ್ಕೆ ಬಿಗಿದ ಸೈಕಲ್ಲನ್ನು ಕೋಣೆಯೊಳಗೇ ತುಳಿಯುತ್ತಿದ್ದಳು. ಪಾಪ, ಸುಸ್ತಾಗಿ ಕೈಚೆಲ್ಲಿದಳು ಎಂದುಕೊಂಡ. ಗೊಂಬೆಯನ್ನು ದಾಟುವಾಗ ಒಳಗೊಳಗೇ ಖುಷಿಯೂ ಆಯಿತು. ರೇಸಿನ ಕೊನೆಯ ಗೆರೆ ಮುಟ್ಟಿ, ಮುಖ ಒರೆಸಿಕೊಂಡು, ಫ್ಯಾನ್ ಆರಿಸಿದ ಮೇಲೆಯೇ ಅಕ್ಕನ ಕೂಗು ಅವನಿಗೆ ಕೇಳಿಸಿದ್ದು.

ಹುಡುಗಿ ಸೈಕಲ್ಲಿನ ಪಕ್ಕದಲ್ಲಿ ಬಿದ್ದಿದ್ದಳು. ಒಂದು ಕಾಲಿನ ಶೂ ಇನ್ನೂ ಪೆಡಲ್ಲಿಗೆ ಸಿಕ್ಕಿಕೊಂಡಿತ್ತು. ಎತ್ತಿಕೊಂಡಾಗ ಅವನಿಗೆ ಮೊದಲು ಗೊತ್ತಾದದ್ದು ಅವಳು ಎಷ್ಟು ಹಗುರ ಎಂಬುದು. ಲಿಫ್ಟ್ ರಿಪೇರಿ ಮಾಡುವವನಿಗೆ ಭಾರ ಕೈಯಲ್ಲೇ ತಿಳಿಯುತ್ತದೆ. ಅವನಿಗೆ ಭಯವಾಯಿತು.

ಆಸ್ಪತ್ರೆಯಲ್ಲಿ ವೈದ್ಯರು ಸುತ್ತಿಬಳಸಿ ಹೇಳಲಿಲ್ಲ. ಹೊಟ್ಟೆಗಿಲ್ಲದೆ ದೇಹ ಸೊರಗಿದೆ, ಹೃದಯದ ಬಡಿತವೂ ಹಾದಿ ತಪ್ಪಿದೆ, ಇಲ್ಲೇ ಇರಲಿ ಎಂದರು. ಅಕ್ಕ ಹೊರಗಿನ ಬೆಂಚಿನ ಮೇಲೆ ಕುಸಿದು ಕುಳಿತಳು. ಗೆಳತಿಯ ಮನೆಯಲ್ಲಿ ಊಟವಾಯಿತು ಎಂದು ಮಗಳು ಹೇಳಿದ್ದನ್ನೆಲ್ಲ ನಂಬಿಕೊಂಡು ಬಂದವಳು ಅವಳು.

"ಯಾಕೆ ತಿನ್ನಲಿಲ್ಲ ಅಂತ ಈಗ ಕೇಳಿದ್ರೆ, ಬೆಟ್ಟ ಹತ್ತೋಕೆ ಮೈ ಹಗುರ ಇರಬೇಕು ಅಂತ ಮಾವ ಹೇಳಿದ್ದಾನೆ, ಅಂದ್ಲು ಕಣೋ. ನೀನು ಹೇಳಿದ್ಯಾ?"

ಹೇಳಿದ್ದ. ಗೆದ್ದ ಹುಮ್ಮಸ್ಸಿನಲ್ಲಿ, ತಮಾಷೆಗೆ, ಒಂದಲ್ಲ ಹಲವು ಸಲ.

ಅಷ್ಟರಲ್ಲಿ ಫಿಸಿಯೋ ಬಂದರು. ಹಗಲು ಊರವರ ಮಂಡಿ, ಸೊಂಟ ಸರಿಮಾಡುವ ಅವರೇ ಬಡಾವಣೆಯ ಭಾನುವಾರದ ರೇಸುಗಳನ್ನು ನಡೆಸುತ್ತಿದ್ದರು. ಈ ಸಲ ಎಲ್ಲ ಭಾನುವಾರಗಳೂ ಸೇರಿ ಒಟ್ಟಾರೆ ಮೊದಲು ಬಂದವರಿಗೆ ದೊಡ್ಡ ಫೈನಲ್ಲಿನಲ್ಲಿ ಒಂದು ಜಾಗವಿತ್ತು. ಹುಡುಗಿ ಹಗಲೂ ಇರುಳೂ ಕನಸಿದ್ದು ಆ ಒಂದು ಜಾಗವನ್ನೇ. ಪ್ರತಿ ಸಲವೂ ಬೆಟ್ಟದ ಕೊನೆಯ ತಿರುವಿನಲ್ಲಿ ಮಾವ ಅವಳನ್ನು ಹಿಂದೆ ಹಾಕುತ್ತಿದ್ದ.

ಫಿಸಿಯೋ ಮೆಕ್ಯಾನಿಕ್‌ನ ಪಕ್ಕದಲ್ಲಿ ಕುಳಿತು, ನಿನ್ನ ತೂಕ ಎಷ್ಟು ಎಂದು ಕೇಳಿದರು. ಅವನು ಹೇಳಿದ. ಪರದೆಯ ಮೇಲೆ ಎಷ್ಟು ಬರೆದಿದ್ದೀಯ ಎಂದರು. ಅವನು ಫೋನ್ ತೆಗೆದು ತೋರಿಸಿದ. ಎಂಟು ಕಿಲೋ ಕಡಿಮೆ ಇತ್ತು.

ಅವರು ದನಿಯೇರಿಸದೆ ಬಿಡಿಸಿ ಹೇಳಿದರು. ಕಾಲು ಹಾಕುವ ಬಲವನ್ನು ಯಂತ್ರ ಅಳೆಯುತ್ತದೆ. ಆದರೆ ಮೈಭಾರ ಅದಕ್ಕೆ ಗೊತ್ತಿಲ್ಲ, ನಾವು ಬರೆದದ್ದನ್ನೇ ನಂಬುತ್ತದೆ. ಏರಿನಲ್ಲಿ ತೂಕ ಕಡಿಮೆಯಿದ್ದಷ್ಟೂ ಗೊಂಬೆ ಬೇಗ ಹತ್ತುತ್ತದೆ. ಹುಡುಗಿ ಬರೆದದ್ದು ನಿಜವಾದ ತೂಕ. ದಿನಾ ಬೆಳಿಗ್ಗೆ ನೋಡಿಕೊಂಡು ಬರೆಯುತ್ತಿದ್ದಳು.

"ನಾನು ಸುಳ್ಳು ಬರೀಲಿಲ್ಲ ಮೇಡಂ. ಕಾಮಾಲೆಯಿಂದ ಎದ್ದಾಗ ಅಷ್ಟೇ ಇದ್ದೆ. ಆಮೇಲೆ ಮೈ ತುಂಬ್ತು, ಬದಲಾಯಿಸೋದು ಮರೆತೆ."

ಮರೆತಿರಲಿಲ್ಲ. ಒಮ್ಮೆ ಸರಿಯಾದ ತೂಕ ಹಾಕಿ ನೋಡಿದ್ದ. ಆ ದಿನ ಬೆಟ್ಟದಲ್ಲಿ ಎಲ್ಲರೂ ಅವನನ್ನು ಬಿಟ್ಟು ಹೋಗಿದ್ದರು. ಮರುದಿನವೇ ಹಳೆಯ ತೂಕ ಪರದೆಗೆ ವಾಪಸ್ಸು ಬಂದಿತ್ತು.

"ಅಷ್ಟಕ್ಕೂ ಅದೊಂದು ಆಟ," ಎಂದ. "ಗೊಂಬೆ ಓಡುತ್ತೆ. ಯಾರಿಗೇನು ನಷ್ಟ?"

"ಲಿಫ್ಟಲ್ಲಿ ಭಾರ ನೋಡೋ ಯಂತ್ರಕ್ಕೆ ಸುಳ್ಳು ಲೆಕ್ಕ ಕೊಟ್ಟು ಜನಾನ ಹತ್ತಿಸ್ತೀಯಾ?"

"ಅದು ಬೇರೆ ಮೇಡಂ."

"ಹೇಗೆ ಬೇರೆ?"

"ಅದರೊಳಗೆ ಜನ ಇರ್ತಾರೆ."

ಫಿಸಿಯೋ ವಾರ್ಡಿನ ಬಾಗಿಲ ಕಡೆ ನೋಡಿದರು. ಅವನೂ ನೋಡಿದ.

ಆಮೇಲೆ ಫಿಸಿಯೋ ಹೇಳಿದರು. "ಅವಳು ಪೈಪೋಟಿಗಿಳಿದಿದ್ದು ಇಲ್ಲದ ಮನುಷ್ಯನ ಜೊತೆ. ನೀನು ಬರೆದಿಟ್ಟ ಆ ಹಗುರ ಮನುಷ್ಯನ್ನ ಹಿಡಿಯೋಕೆ ಊಟ ಬಿಟ್ಟಳು. ನಂದೂ ತಪ್ಪಿದೆ. ಹೊತ್ತು ಹೇಳಿ ಲಿಂಕ್ ಕಳಿಸಿದ್ರೆ ರೇಸ್ ನಡೆಸಿದ ಹಾಗೆ ಅಂದ್ಕೊಂಡಿದ್ದೆ. ಗೊಂಬೆ ನಿಂತಿದ್ದನ್ನ ನಾನೂ ನೋಡಿದೆ. ಫೋನ್ ಮಾಡ್ಲಿಲ್ಲ."

ಆ ಸೈಕಲ್ಲನ್ನು ಗುಜರಿಗೆ ಹಾಕುತ್ತೇನೆ ಎಂದಳು ಅಕ್ಕ. ಫಿಸಿಯೋ ವಾದಕ್ಕಿಳಿಯಲಿಲ್ಲ. ಮುಂದಿನ ಭಾನುವಾರ ಒಂದು ಸಲ ಬಂದು ನೋಡಿ, ಆಮೇಲೆ ನಿಮ್ಮಿಷ್ಟ ಎಂದರು.

ಆ ಭಾನುವಾರ ರೇಸ್ ತಡವಾಗಿ ಶುರುವಾಯಿತು. ಮೊದಲು ಎಲ್ಲರೂ ಕ್ಯಾಮೆರಾದ ಎದುರು ತೂಕದ ಯಂತ್ರ ಹತ್ತಿದರು. ಎಳೆಯರ ತೂಕವನ್ನು ಫಿಸಿಯೋ ಒಬ್ಬರೇ ನೋಡಿದರು. ಸರಸರನೆ ಇಳಿಯುತ್ತಿದ್ದರೆ ಅವರಿಗೆ ಆ ವಾರ ರೇಸ್ ಇಲ್ಲ, ಮನೆಯವರ ಜೊತೆ ಮಾತು. ಪೆಡಲ್ ಯಂತ್ರವನ್ನು ಸ್ವಲ್ಪ ಹೊತ್ತು ತುಳಿದು ಬಿಸಿಮಾಡಿ, ಅಳತೆ ಸರಿಯಿದೆಯೇ ಎಂದು ನೋಡಿಕೊಳ್ಳಬೇಕಾಯಿತು. ಹಿಂದೆ ಯಾರು ಹೇಗೆ ಓಡಿಸಿದ್ದರೋ ಅದರ ಮೇಲೆ ಗುಂಪುಗಳಾದವು. ಕೂಗಿದರೆ ಓಡಿಬರುವ ಒಬ್ಬರು ಮನೆಯಲ್ಲಿಲ್ಲದಿದ್ದರೆ ರೇಸಿಗೆ ಸೇರಿಸಲಿಲ್ಲ. ಗೊಂಬೆ ನಿಂತರೆ ತಕ್ಷಣ ಫೋನ್. ಲೆಕ್ಕವೆಲ್ಲ ಪರಿಶೀಲಿಸಿದ ಮೇಲೆಯೇ ಫಲಿತಾಂಶ.

ಸಂತೆಯಲ್ಲಿ ಕುರಿ ತೂಗಿದ ಹಾಗೆ ತೂಗುತ್ತೀರಲ್ಲ ಎಂದು ರೇಸಿಗಿಳಿಯುತ್ತಿದ್ದ ಬೇಕರಿಯವನು ಗೊಣಗಿದ. ಅವನ ಯಂತ್ರದ ಅಳತೆ ಸರಿಮಾಡಿದ ಮೇಲೆ ಅವನು ಕೊನೆಯ ಸ್ಥಾನಕ್ಕೆ ಬಂದ. "ನನ್ನ ಯಂತ್ರಕ್ಕೆ ನನ್ನ ಮೇಲೆ ಪ್ರೀತಿ ಜಾಸ್ತಿ ಇತ್ತು ಅಂತ ಕಾಣುತ್ತೆ," ಎಂದು ತಾನೇ ನಕ್ಕ. ಬೇರೆ ಯಾರೂ ನಗಲಿಲ್ಲ.

ತೂಕದ ಯಂತ್ರವನ್ನು ಎಲ್ಲರಿಗಿಂತ ಮೊದಲು ಹತ್ತಿದವನು ಮೆಕ್ಯಾನಿಕ್. ಎಲ್ಲರಿಗೂ ಅವನ ತೂಕ ಕಂಡಿತು. ತನ್ನ ಗೆಲುವುಗಳನ್ನೆಲ್ಲ ಹೊಡೆದುಹಾಕಿ ಎಂದು ಅವನೇ ಕೇಳಿಕೊಂಡ. ಅಕ್ಕ ಅವನ ಕೋಣೆಯ ಬಾಗಿಲಲ್ಲಿ ನಿಂತು ಕೊನೆಯವರೆಗೂ ನೋಡಿದಳು. ಹೀಗೆ ನಡೆಯುವುದಾದರೆ ಸೈಕಲ್ ಇರಲಿ, ಬೇಕೋ ಬೇಡವೋ ಮಗಳೇ ಮನೆಗೆ ಬಂದು ಹೇಳಲಿ ಎಂದಳು.

ಓದುತ್ತಿರುವವರೇ, ನಿಮ್ಮ ಮನೆಯ ಮೂಲೆಯಲ್ಲೂ ಇಂಥದೊಂದು ಸೈಕಲ್ ಇರಬಹುದು. ಇವತ್ತೇ ತೂಕ ನೋಡಿಕೊಳ್ಳಿ, ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಯಂತ್ರದ ಅಳತೆ ಸರಿಮಾಡಿ. ರೇಸ್ ನಡೆಸುವವರು ನೀವಾದರೆ ಕೇಳಲು, ಪರೀಕ್ಷಿಸಲು ಸಂಕೋಚಪಡಬೇಡಿ. ಮನೆಯ ಮಕ್ಕಳು ತಟ್ಟೆ ಸರಿಸಿ ಎದ್ದುಹೋದರೆ ಸುಮ್ಮನಿರಬೇಡಿ, ವೈದ್ಯರ ಹತ್ತಿರ ಕರೆದೊಯ್ಯಿರಿ. ತಡಮಾಡಿದರೆ ಏನಾಗುತ್ತದೆ ಎಂಬುದನ್ನು ಮೆಕ್ಯಾನಿಕ್ ಆ ಸಂಜೆ ಆಸ್ಪತ್ರೆಯಲ್ಲಿ ಕಂಡ.

ಹುಡುಗಿ ದಿಂಬಿಗೆ ಒರಗಿ ಕುಳಿತಿದ್ದಳು. ಕೈಗೆ ಸೂಜಿ ಚುಚ್ಚಿದ್ದರು. ಅವನು ಎಲ್ಲವನ್ನೂ ಹೇಳಿದ. ಎಂಟು ಕಿಲೋ, ಮರೆತೆ ಎಂದು ಆಡಿದ ಸುಳ್ಳು, ಏನನ್ನೂ ಬಿಡಲಿಲ್ಲ. ಆಮೇಲೆ ಆಸೆಯಿಂದ ಮುಂದಕ್ಕೆ ಬಾಗಿದ.

"ನನ್ನ ಗೆಲುವೆಲ್ಲ ಹೊಡೆದುಹಾಕಿದ್ರು, ಫೈನಲ್ ಜಾಗ ನಿಂಗೇ ಬಂದಿದೆ ಕಣೆ. ನ್ಯಾಯವಾಗಿ ನಿಂದೇ ಅದು."

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಹೊಸಬರನ್ನು ನೋಡುವ ಹಾಗೆ.

"ಬೇಡ."

"ಈಗಲೇ ಅಲ್ಲಮ್ಮ. ಹುಷಾರಾದ ಮೇಲೆ."

"ಹುಷಾರಾದ ಮೇಲೂ ಬೇಡ ಮಾವ."